ಕುರ್ಲಾದಲ್ಲಿ ಮನೆ ಕೊಳ್ಳುವವರಿಗೆ: ಹಣದ ಸಿದ್ಧತೆ ಹಾಗೂ ಹಕ್ಕಿನ ಪರಿಶೀಲನೆ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆ ಹುಟ್ಟಿದ್ದು ಊರಿನಲ್ಲಿ. ಮುಂಬಯಿಯಲ್ಲಿ ನಮ್ಮಂಥ ಮಧ್ಯಮವರ್ಗದವರಾರೂ ಮನೆ ಕಟ್ಟುವುದಿಲ್ಲ. ಯಾರೋ ಕಟ್ಟಿದ ಕಟ್ಟಡದಲ್ಲಿ ನಾಲ್ಕು ಗೋಡೆಗಳ ನಡುವಣ ಅವಕಾಶವನ್ನು ಕೊಳ್ಳುತ್ತೇವೆ. ಅಂಗಳವಿಲ್ಲ, ಬಾವಿಯಿಲ್ಲ, ತಲೆಯ ಮೇಲಿನ ಮಾಡು ಇನ್ನೊಬ್ಬರ ಮನೆಯ ನೆಲ. ಆದುದರಿಂದ ಇಲ್ಲಿ ಮನೆ ಕೊಳ್ಳುವುದೆಂದರೆ ವಾಸ್ತವದಲ್ಲಿ ಒಂದು ಹಕ್ಕನ್ನು ಕೊಳ್ಳುವುದೇ ಆಗಿದೆ. ಆ ಹಕ್ಕು ಎಂಥದು, ಅದಕ್ಕೆ ಕೈಯಲ್ಲಿ ಎಷ್ಟು ಹಣವಿರಬೇಕು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ದೊರೆಯುವ ಮೊದಲು ಯಾರೂ ಮುಂಗಡ ಕೊಡಬಾರದೆಂಬುದೇ ಈ ಲೇಖನದ ಆಶಯ.

ಬ್ಯಾಂಕಿನ ಸಾಲ ವಿಭಾಗದಲ್ಲಿ ಅನೇಕ ವರ್ಷ ಕೆಲಸ ಮಾಡಿ ನಿವೃತ್ತನಾದ ಈ ಲೇಖಕನು ನಮ್ಮವರ ಕಡತಗಳನ್ನು ಬಹಳಷ್ಟು ನೋಡಿದ್ದಾನೆ. ಒಂದು ಕಡತ ಮಾತ್ರ ಇಂದಿಗೂ ಮನಸ್ಸಿನಿಂದ ಮರೆಯಾಗಿಲ್ಲ. ಕ್ಯಾಂಟೀನು ನಡೆಸಿ ಪೈಸೆಗೆ ಪೈಸೆ ಕೂಡಿಸಿದ್ದ ನಮ್ಮ ಜಿಲ್ಲೆಯವರೊಬ್ಬರು ಕುರ್ಲಾ ಪಶ್ಚಿಮದಲ್ಲಿ ಒಂದು ಮನೆಯನ್ನು ಮೆಚ್ಚಿ, ಬಿಳಿಯ ಕಾಗದದ ಮೇಲೆ ಬರೆಸಿಕೊಂಡು, ಐದು ಲಕ್ಷ ರೂಪಾಯಿಗಳನ್ನು ನಗದಾಗಿ ಕೊಟ್ಟು, ಆಮೇಲೆ ಸಾಲ ಕೇಳಲು ಬಂದರು. ಕಾಗದಗಳನ್ನು ನೋಡಿದರೆ ಅದು ಝೋಪಡಪಟ್ಟಿ ಪುನರ್ವಸತಿ ಯೋಜನೆಯಲ್ಲಿ ಮೂಲನಿವಾಸಿಗೆ ಪುಕ್ಕಟೆಯಾಗಿ ದೊರೆತ ಮನೆ. ಮಾರಾಟದ ನಿರ್ಬಂಧದ ಅವಧಿ ಇನ್ನೂ ಮುಗಿದಿರಲಿಲ್ಲ. ಸಾಲ ದೊರೆಯಲಿಲ್ಲ. ಕೊಟ್ಟ ಹಣ ಎರಡು ವರ್ಷಗಳ ಅಲೆದಾಟದ ಬಳಿಕ, ಅದೂ ಅರ್ಧದಷ್ಟು, ಹಿಂದೆ ಬಂತು. "ಮನೆ ಚೆನ್ನಾಗಿತ್ತು ಸ್ವಾಮೀ" ಎಂದು ಅವರು ಕೊನೆಯವರೆಗೂ ಹೇಳುತ್ತಿದ್ದರು. ಮನೆ ಚೆನ್ನಾಗಿಯೇ ಇತ್ತು, ಮಾರುವ ಹಕ್ಕು ಮಾತ್ರ ಮಾರಿದವನಿಗಿರಲಿಲ್ಲ.

ಕುರ್ಲಾದ ವಿಷಯದಲ್ಲಿ ಈ ಎಚ್ಚರಿಕೆ ವಿಶೇಷವಾಗಿ ಅಗತ್ಯ. ನಮ್ಮವರಿಗೆ ಈ ಉಪನಗರ ಹತ್ತಿರದ್ದು. ಮಂಗಳೂರಿಗೆ ಹೋಗುವ ಮತ್ಸ್ಯಗಂಧ ರೈಲು ಹೊರಡುವುದು ಕುರ್ಲಾ ಟರ್ಮಿನಸ್ ಎಂದೇ ನಾವು ಕರೆಯುವ ಲೋಕಮಾನ್ಯ ತಿಲಕ್ ಟರ್ಮಿನಸ್ಸಿನಿಂದ, ಬಂಟರ ಭವನವಿರುವುದೂ ಕುರ್ಲಾ ಪೂರ್ವದಲ್ಲಿ. ಸ್ವದೇಶಿ ಮಿಲ್ಲು, ಪ್ರೀಮಿಯರ್ ಆಟೋಮೊಬೈಲ್ಸ್, ಕಮಾನಿ ಮೊದಲಾದ ಕಾರ್ಖಾನೆಗಳ ಕಾಲದಲ್ಲಿ ಬೆಳೆದ ಈ ಪ್ರದೇಶದಲ್ಲಿ ಹಳೆಯ ಚಾಳು, ಸೊಸೈಟಿ ಕಟ್ಟಡ, ಮ್ಹಾಡಾ ವಸಾಹತು, ಪುನರ್ವಸತಿಯ ಗೋಪುರ ಇವೆಲ್ಲ ಒಂದರ ಮಗ್ಗುಲಿಗೆ ಒಂದು ನಿಂತಿವೆ. ದಲ್ಲಾಳಿಯ ಬಾಯಲ್ಲಿ ಎಲ್ಲವೂ 'ವನ್ ರೂಮ್ ಕಿಚನ್' ಎಂಬ ಒಂದೇ ಮಾತು. ಕಾನೂನಿನ ದೃಷ್ಟಿಯಲ್ಲಿ ಅವು ನಾಲ್ಕು ಬೇರೆ ಬೇರೆ ವಸ್ತುಗಳು.

ಮೊದಲನೆಯದು ಪಗಡಿ. 1947ರ ಬಾಡಿಗೆ ಕಾನೂನು ಬಾಡಿಗೆಗಳನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿದ್ದರಿಂದ, ಬಾಡಿಗೆದಾರನ ಸ್ಥಾನಕ್ಕೇ ಬೆಲೆ ಬಂದು ಈ ಪದ್ಧತಿ ಬೆಳೆಯಿತು. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆ 2000ನೆಯ ಇಸವಿಯ ಮಾರ್ಚ್ 31ರಂದು ಜಾರಿಗೆ ಬಂದ ಮೇಲೆ ಪಗಡಿ ಕೊಡುವುದೂ ಪಡೆಯುವುದೂ ಅಪರಾಧವಲ್ಲ. ಆದರೆ ಪಗಡಿಗೆ ಎಷ್ಟೇ ಹಣ ಕೊಟ್ಟರೂ ನೀವು ಬಾಡಿಗೆದಾರರೇ ಹೊರತು ಒಡೆಯರಲ್ಲ. ಹಸ್ತಾಂತರವಾಗುವಾಗ ಮನೆಯ ಮಾಲೀಕನ ಒಪ್ಪಿಗೆ ಬೇಕು. ರೂಢಿಯಂತೆ ಸುಮಾರು ಮೂರರಲ್ಲೊಂದು ಭಾಗ ಅವನಿಗೆ ಸಲ್ಲುತ್ತದೆ. ಬ್ಯಾಂಕುಗಳು ಸಾಮಾನ್ಯವಾಗಿ ಪಗಡಿ ಮನೆಗೆ ಸಾಲ ಕೊಡುವುದಿಲ್ಲ. ಬೆಲೆ ಅಗ್ಗವೆಂದು ತೋರುವುದಕ್ಕೆ ಇದೇ ಕಾರಣ.

ಎರಡನೆಯದು ಸಹಕಾರಿ ಗೃಹನಿರ್ಮಾಣ ಸಂಘದ, ಅಂದರೆ ಸೊಸೈಟಿಯ ಮನೆ. ನಮ್ಮಂಥವರಿಗೆ ಎಲ್ಲಕ್ಕಿಂತ ಸುರಕ್ಷಿತವಾದುದು ಇದು. ಆದರೂ ಕಟ್ಟಡದ ಕೆಳಗಿನ ಭೂಮಿ ಸೊಸೈಟಿಯ ಹೆಸರಿಗೆ ಬಂದಿದೆಯೇ ಎಂಬುದನ್ನು ವಿಚಾರಿಸಬೇಕು. ಎಷ್ಟೋ ಬಿಲ್ಡರುಗಳು ಮನೆಗಳನ್ನು ಮಾರಿ ಭೂಮಿಯನ್ನು ಬಿಟ್ಟುಕೊಡದೆ ಹೋಗಿದ್ದಾರೆ. ಇದಕ್ಕಾಗಿಯೇ ಬಿಲ್ಡರನ ಸಹಿಯಿಲ್ಲದೆಯೂ ಭೂಮಿಯನ್ನು ಸೊಸೈಟಿಗೆ ವರ್ಗಾಯಿಸುವ ಏರ್ಪಾಡನ್ನು ಮಹಾರಾಷ್ಟ್ರ ಸರಕಾರ 2008ರ ತಿದ್ದುಪಡಿಯಿಂದ ಕಲ್ಪಿಸಿತು. ಮುಂದೆ ಕಟ್ಟಡವನ್ನು ಕೆಡವಿ ಹೊಸದಾಗಿ ಕಟ್ಟಿಸುವಾಗ ಎಲ್ಲ ಮಾತುಕತೆಯೂ ಈ ಒಂದು ದಸ್ತಾವೇಜಿನ ಮೇಲೆ ನಿಲ್ಲುತ್ತದೆ. ಕುರ್ಲಾದಲ್ಲಿ ಇನ್ನೊಂದು ತೊಡಕುಂಟು: ವಿಮಾನಗಳ ಇಳಿದಾಣದ ಹಾದಿಯಲ್ಲಿರುವ ಭಾಗಗಳಲ್ಲಿ ಕಟ್ಟಡದ ಎತ್ತರಕ್ಕೆ ಮಿತಿಯಿದೆ. 'ಇನ್ನೆರಡು ವರ್ಷಗಳಲ್ಲಿ ಇಪ್ಪತ್ತು ಮಾಳಿಗೆ ಏಳುತ್ತದೆ' ಎಂಬ ಆಶ್ವಾಸನೆಗೆ ಹೆಚ್ಚಿನ ಬೆಲೆ ತೆರುವ ಮುನ್ನ ಇದನ್ನು ಕೇಳಿ ತಿಳಿಯುವುದು ಒಳ್ಳೆಯದು.

ಮೂರನೆಯದು ನೆಹರೂ ನಗರದಂಥ ಮ್ಹಾಡಾ ವಸಾಹತಿನ ಮನೆ. ಇಲ್ಲಿ ಸೊಸೈಟಿಯ ಜತೆಗೆ ಮ್ಹಾಡಾದ ದಾಖಲೆಯಲ್ಲಿಯೂ ಮಾರುವವನ ಹೆಸರೇ ಇದೆಯೇ ಎಂದು ನೋಡತಕ್ಕದ್ದು. ಮೂಲ ಹಂಚಿಕೆದಾರನ ಬಳಿಕ ಮೂರು ಕೈ ಬದಲಾಗಿ, ದಾಖಲೆಯಲ್ಲಿ ಮೊದಲಿನ ಹೆಸರೇ ಉಳಿದಿರುವ ಮನೆಗಳುಂಟು. ನಾಲ್ಕನೆಯದು ಆಗಲೇ ಹೇಳಿದ ಪುನರ್ವಸತಿಯ ಮನೆ. ನಿರ್ಬಂಧದ ಅವಧಿ ಮುಗಿಯದೆ, ಪುನರ್ವಸತಿ ಪ್ರಾಧಿಕಾರದ ಲಿಖಿತ ಒಪ್ಪಿಗೆಯಿಲ್ಲದೆ ಅದನ್ನು ಕೊಂಡವರನ್ನು ಹೊರಹಾಕುವ ಅಧಿಕಾರ ಪ್ರಾಧಿಕಾರಕ್ಕಿದೆ. ಮುಖತ್ಯಾರ ಪತ್ರ ಬರೆಸಿಕೊಂಡರೆ ಸಾಕು ಎಂದು ಹೇಳುವವರಿದ್ದಾರೆ. ಮುಖತ್ಯಾರ ಪತ್ರದಿಂದ ಒಡೆತನ ಬರುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲಿಯೇ ಸ್ಪಷ್ಟಪಡಿಸಿದೆ.

ಇನ್ನು ಹಣದ ಮಾತು. ಒಂದು ಕಾಲದಲ್ಲಿ ನಮ್ಮ ಹಿರಿಯರು ನಿವೃತ್ತಿಯ ದಿನ ಕೈಗೆ ಬಂದ ಭವಿಷ್ಯನಿಧಿಯಿಂದಲೇ ಮನೆ ಕೊಂಡರು. 1977ರಲ್ಲಿ ಇದೇ ಮುಂಬಯಿಯಲ್ಲಿ ಎಚ್.ಡಿ.ಎಫ್.ಸಿ. ಸ್ಥಾಪನೆಯಾಗಿ ಸಾಮಾನ್ಯ ಸಂಬಳದಾರನಿಗೂ ಗೃಹಸಾಲ ದೊರೆಯುವ ದಾರಿ ತೆರೆಯಿತು. ಇಂದು ಸಾಲ ಸುಲಭ. ಆದರೆ ಬ್ಯಾಂಕು ಎಲ್ಲವನ್ನೂ ಕೊಡುತ್ತದೆಂಬ ಭ್ರಮೆಯೂ ಅಷ್ಟೇ ಸುಲಭವಾಗಿ ಬಂದಿದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಸಾಲವಾದರೆ ಮನೆಯ ಬೆಲೆಯ ಶೇ. 90, 75 ಲಕ್ಷದವರೆಗಾದರೆ ಶೇ. 80, ಅದಕ್ಕೂ ಮೇಲಾದರೆ ಶೇ. 75 ಮಾತ್ರ ಸಾಲವಾಗಿ ದೊರೆಯಬಹುದು. ಮುದ್ರಾಂಕ ಶುಲ್ಕ ಮತ್ತು ನೋಂದಣಿಯ ವೆಚ್ಚ ಈ ಬೆಲೆಯಲ್ಲಿ ಸೇರುವುದಿಲ್ಲ.

ಲೆಕ್ಕಕ್ಕಾಗಿ 90 ಲಕ್ಷ ರೂಪಾಯಿಗಳ ಒಂದು ಮನೆಯನ್ನು ಹಿಡಿಯೋಣ. ಸಾಲ ಹೆಚ್ಚೆಂದರೆ 72 ಲಕ್ಷ, ನಿಮ್ಮ ಪಾಲು 18 ಲಕ್ಷ. ಅನೇಕರು ಇಲ್ಲಿಗೇ ಲೆಕ್ಕ ನಿಲ್ಲಿಸುತ್ತಾರೆ. ಮುಂಬಯಿಯಲ್ಲಿ ಮುದ್ರಾಂಕ ಶುಲ್ಕ ಶೇ. 6, ಅಂದರೆ 5,40,000. ನೋಂದಣಿಗೆ 30,000. ದಲ್ಲಾಳಿಗೆ ಶೇ. 1ರಂತೆ 90,000, ಕೆಲವರು ಶೇ. 2 ಕೇಳುತ್ತಾರೆ. ಸೊಸೈಟಿಯ ವರ್ಗಾವಣೆ ಶುಲ್ಕಕ್ಕೆ 25,000ದ ಮಿತಿಯಿದೆ. ಇದಕ್ಕಿಂತ ಹೆಚ್ಚನ್ನು 'ದೇಣಿಗೆ' ಎಂಬ ಹೆಸರಿನಲ್ಲಿ ಕೇಳಿದರೆ ಕೊಡಬೇಕಾಗಿಲ್ಲ. ವಕೀಲರ ಶುಲ್ಕ, ಬ್ಯಾಂಕಿನ ಶುಲ್ಕ, ಸುಣ್ಣಬಣ್ಣ, ಸಾಮಾನು ಸಾಗಣೆ ಸೇರಿದರೆ ಕೈಯಿಂದ 26 ಲಕ್ಷಕ್ಕೆ ಕಡಿಮೆಯಿಲ್ಲದೆ ಹೋಗುತ್ತದೆ. 18ಕ್ಕೂ 26ಕ್ಕೂ ನಡುವಣ ಈ ಎಂಟು ಲಕ್ಷವೇ ನಮ್ಮವರನ್ನು ಕೈಸಾಲಕ್ಕೆ, ಚೀಟಿ ಎತ್ತುವುದಕ್ಕೆ, ಹೆಂಡತಿಯ ಬಂಗಾರಕ್ಕೆ ಒಯ್ಯುವುದು. ಮನೆ ಪೂರ್ಣವಾಗಿ ಮಹಿಳೆಯ ಹೆಸರಿನಲ್ಲಾದರೆ ಮುದ್ರಾಂಕ ಶುಲ್ಕದಲ್ಲಿ ಶೇ. 1ರ ರಿಯಾಯಿತಿ ಉಂಟು, ಮೇಲಿನ ಲೆಕ್ಕದಲ್ಲಿ ಅದು 90,000 ರೂಪಾಯಿ. ಬಂಗಾರ ಕೊಟ್ಟವಳ ಹೆಸರಿಗೇ ಮನೆಯಾದರೆ ನ್ಯಾಯವೂ ಆಯಿತು!

ಶುಲ್ಕದ ಲೆಕ್ಕ ಕರಾರಿನ ಬೆಲೆ ಮತ್ತು ಸರಕಾರದ ರೆಡಿ ರೆಕನರ್ ಬೆಲೆ ಇವೆರಡರಲ್ಲಿ ಹೆಚ್ಚಿನದರ ಮೇಲೆ ನಡೆಯುತ್ತದೆ. ಆದುದರಿಂದ ಕರಾರಿನಲ್ಲಿ ಬೆಲೆ ಕಡಿಮೆ ಬರೆಸುವ ಹಳೆಯ ಚಾಳಿಯಿಂದ ಲಾಭವಿಲ್ಲ, ಸಾಲವೂ ಅಷ್ಟರಮಟ್ಟಿಗೆ ತಗ್ಗುತ್ತದೆ. ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವುದು 2015ರಿಂದ ನಿಷಿದ್ಧ. ಬೆಲೆ 50 ಲಕ್ಷ ಅಥವಾ ಹೆಚ್ಚಾಗಿದ್ದರೆ ಶೇ. 1ರಷ್ಟನ್ನು ಮಾರುವವನ ಹಣದಿಂದ ಮುರಿದು ಆದಾಯತೆರಿಗೆಯ ಲೆಕ್ಕಕ್ಕೆ ಕಟ್ಟುವ ಹೊಣೆ ಕೊಳ್ಳುವವನದು. ಮಾರುವವನು ಗಲ್ಫಿನಲ್ಲಿ ನೆಲಸಿದ ಅನಿವಾಸಿಯಾಗಿದ್ದರೆ (ನಮ್ಮವರ ವ್ಯವಹಾರಗಳಲ್ಲಿ ಇದು ಅಪರೂಪವಲ್ಲ) ಆ ಶೇ. 1ರ ಲೆಕ್ಕ ಸಲ್ಲದು, ದರ ಬಹಳ ಹೆಚ್ಚು. ಲೆಕ್ಕಪರಿಶೋಧಕರನ್ನು ಕೇಳದೆ ಅಂಥವರಿಗೆ ಹಣ ಪಾವತಿ ಮಾಡಬಾರದು.

ಕಂತಿನ ವಿಚಾರ. 72 ಲಕ್ಷ ಸಾಲಕ್ಕೆ ಶೇ. 8.5ರ ಬಡ್ಡಿಯಲ್ಲಿ 20 ವರ್ಷಗಳ ಅವಧಿಗೆ ತಿಂಗಳ ಕಂತು ಸುಮಾರು 62,500 ಆಗುತ್ತದೆ. ಒಟ್ಟು ತೆರುವುದು ಒಂದೂವರೆ ಕೋಟಿ. ಬಡ್ಡಿ ಶೇ. 9.5ಕ್ಕೆ ಏರಿದರೆ ಕಂತು 67,000 ದಾಟುತ್ತದೆ. ಇದು ಬರಿಯ ಊಹೆಯಲ್ಲ: 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರಿಸರ್ವ್ ಬ್ಯಾಂಕು ತನ್ನ ರೆಪೋ ದರವನ್ನು ಶೇ. 4ರಿಂದ 6.5ಕ್ಕೆ ಏರಿಸಿದಾಗ ಅನೇಕರ ಸಾಲದ ಅವಧಿ ವರ್ಷಗಟ್ಟಲೆ ಬೆಳೆಯಿತು. ಆದುದರಿಂದ ಇಂದಿನ ಕಂತಿಗೆ ಮಾತ್ರ ಸಾಕಾಗುವ ಸಂಬಳದಲ್ಲಿ ಸಾಲಕ್ಕೆ ಕೈಹಾಕುವುದು ಅಪಾಯಕರ. ಆರು ತಿಂಗಳ ಕಂತಿನಷ್ಟು ಹಣ ಬೇರೆಯಾಗಿ ಬ್ಯಾಂಕಿನಲ್ಲಿರಲಿ, ಕುಟುಂಬಕ್ಕೆ ಆರೋಗ್ಯವಿಮೆ ಇರಲಿ. ಇದೇ ಸಂಚಿಕೆಯಲ್ಲಿ ರಕ್ತದೊತ್ತಡದ ಬಗ್ಗೆ ವೈದ್ಯರ ಲೇಖನವಿದ್ದರೆ ಅದರ ಕಾರಣಗಳ ಪಟ್ಟಿಗೆ ಗೃಹಸಾಲವನ್ನೂ ಸೇರಿಸಿಕೊಳ್ಳಬಹುದು. ಬದಲಾಗುವ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮುನ್ನ ತೀರಿಸಿದರೆ ದಂಡವಿಲ್ಲ. ಹೋಟೆಲು, ಕ್ಯಾಂಟೀನು ನಡೆಸುವವರು ಮನೆ ಹುಡುಕುವ ಎರಡು ಮೂರು ವರ್ಷ ಮೊದಲಿನಿಂದಲೇ ನಿಜವಾದ ಆದಾಯಕ್ಕೆ ತೆರಿಗೆಯ ವಿವರಣೆ ಸಲ್ಲಿಸುತ್ತ ಬರಬೇಕು. ಗಲ್ಲಾಪೆಟ್ಟಿಗೆಯ ಹಣ ಬ್ಯಾಂಕಿಗೆ ಕಾಣಿಸುವುದಿಲ್ಲ.

ಮುಂಗಡ ಕೊಡುವಾಗಿನ ಕ್ರಮ ಹೀಗಿರಲಿ. ಹೊಸ ಕಟ್ಟಡವಾದರೆ ಅದರ ಮಹಾರೇರಾ ನೋಂದಣಿ ಸಂಖ್ಯೆಯನ್ನು ಕೇಳಿ ಪಡೆಯಿರಿ. 2016ರ ಕಾಯಿದೆಯಂತೆ ಕರಾರು ನೋಂದಣಿಯಾಗುವ ಮೊದಲು ಬಿಲ್ಡರನು ಶೇ. 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ. ಅಳತೆಯನ್ನು ಕಾರ್ಪೆಟ್ ವಿಸ್ತೀರ್ಣದಲ್ಲಿಯೇ ಹೇಳಬೇಕು, ದಲ್ಲಾಳಿಯ ಮಾತಿನ 500 ಚದರ ಅಡಿ ಟೇಪು ಹಿಡಿದಾಗ 350 ಆಗುವುದುಂಟು. ಎಂಟಕ್ಕಿಂತ ಹೆಚ್ಚು ಮನೆಗಳಿಲ್ಲದ ಸಣ್ಣ ಯೋಜನೆಗಳಿಗೆ ಈ ನೋಂದಣಿಯ ಕಡ್ಡಾಯವಿಲ್ಲ, ಅಲ್ಲಿ ಎಚ್ಚರ ಇಮ್ಮಡಿಯಾಗಬೇಕು. ಹಳೆಯ ಮನೆಯಾದರೆ ಅತ್ಯಲ್ಪ ಮೊತ್ತವನ್ನು ಚೆಕ್ಕಿನ ಮೂಲಕ ಕೊಟ್ಟು, 'ಹಕ್ಕು ದೋಷಮುಕ್ತವಾಗಿರದಿದ್ದರೆ ಅಥವಾ ಬ್ಯಾಂಕು ಸಾಲ ನಿರಾಕರಿಸಿದರೆ ಮುಂಗಡವನ್ನು ಹಿಂದಿರುಗಿಸತಕ್ಕದ್ದು' ಎಂಬ ಮಾತನ್ನು ರಸೀದಿಯಲ್ಲಿಯೇ ಬರೆಸಿಕೊಳ್ಳಬೇಕು. ನಮ್ಮ ಕ್ಯಾಂಟೀನಿನವರ ಬಿಳಿಯ ಕಾಗದದಲ್ಲಿ ಇಲ್ಲದಿದ್ದುದು ಈ ಒಂದು ವಾಕ್ಯ.

ಬಿಲ್ಡರನಿಂದ ಮೊದಲು ಕೊಂಡವನಿಂದ ಹಿಡಿದು ಇಂದಿನ ಮಾರಾಟಗಾರನವರೆಗೆ ಪ್ರತಿಯೊಂದು ಕರಾರೂ ಮೂಲರೂಪದಲ್ಲಿ ಇರಬೇಕು. ಸರಪಳಿಯ ಒಂದು ಕೊಂಡಿ ಕಾಣದಿದ್ದರೂ ಬ್ಯಾಂಕು ಹಿಂಜರಿಯುತ್ತದೆ. ಹಳೆಯ ಕರಾರುಗಳು ಕೆಲವೇ ರೂಪಾಯಿಗಳ ಸ್ಟಾಂಪು ಕಾಗದದಲ್ಲಿ, ನೋಂದಣಿಯಿಲ್ಲದೆ ಇರುವುದುಂಟು. ವಕೀಲರಿಂದ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ 30 ವರ್ಷಗಳ ಶೋಧ ನಡೆಸಿ ಇಂಡೆಕ್ಸ್ ಟೂ ಪ್ರತಿಗಳನ್ನು ತೆಗೆಸುವುದು ಈ ಕಾರಣಕ್ಕಾಗಿ. ಮಾರುವವನ ಮನೆ ಅಡವಿದ್ದರೆ ಇನ್ನೊಂದು ಗೊಂದಲ ಬರಬಹುದು: ನಮ್ಮವರು ಹೆಚ್ಚಾಗಿ ಸಾಲ ಪಡೆದಿದ್ದ ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ, ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಷನ್ ಬ್ಯಾಂಕು ಅದೇ ವರ್ಷ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದುವು. ಹಳೆಯ ಬ್ಯಾಂಕಿನ ಹೆಸರಿನ ಋಣಮುಕ್ತಿ ಪತ್ರ ಕಾಣದಿದ್ದರೆ ಈಗಿನ ಬ್ಯಾಂಕಿನಿಂದ ಪಡೆಯಲೇಬೇಕು.

ಕಾಗದ ಸರಿಯಾಗಿದ್ದು ಕಟ್ಟಡ ಕೆಟ್ಟಿದ್ದರೆ ಪ್ರಯೋಜನವೇನು? 2022ರ ಜೂನ್ 27ರ ರಾತ್ರಿ ಕುರ್ಲಾ ಪೂರ್ವದ ನಾಯಿಕ್ ನಗರದಲ್ಲಿ ನಾಲ್ಕು ಮಾಳಿಗೆಯ ಕಟ್ಟಡವೊಂದು ಕುಸಿದು 19 ಮಂದಿ ಸತ್ತರು. 30 ವರ್ಷ ದಾಟಿದ ಕಟ್ಟಡಗಳಿಗೆ ರಚನಾ ಪರೀಕ್ಷೆ ಕಡ್ಡಾಯ. ಸೊಸೈಟಿಯಲ್ಲಿ ಆ ವರದಿಯನ್ನು ಕೇಳಿ ಓದಿ. ಪಾಲಿಕೆಯ ವರ್ಗೀಕರಣದಲ್ಲಿ 'ಸಿ-1' ಎಂದರೆ ತೆರವು ಮಾಡಿ ಕೆಡವಬೇಕಾದುದು. ಮನೆಯನ್ನು ಜನವರಿಯಲ್ಲಿ ನೋಡಿದವರು ಜುಲೈಯಲ್ಲಿ ಮತ್ತೊಮ್ಮೆ ನೋಡಬೇಕು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಬಿದ್ದು ಮೀಠಿ ನದಿ ಉಕ್ಕಿದಾಗ ಕುರ್ಲಾದ ತಗ್ಗು ಪ್ರದೇಶಗಳ ನೆಲಮಾಳಿಗೆಗಳು ಮುಳುಗಿದುವು. ಗೋಡೆಯ ಮೇಲೆ ಹೊಸ ಬಣ್ಣವಿದ್ದರೆ ನೆರೆಮನೆಯವರನ್ನು ವಿಚಾರಿಸಿ. ಆ ಗೋಡೆಯ ತೇವವೇ ಮುಂದೆ ಮಕ್ಕಳ ಎದೆಯ ಕೆಮ್ಮಾಗುತ್ತದೆ.

ಕೊಂಡ ಬಳಿಕ ಕರಾರನ್ನು ನಾಲ್ಕು ತಿಂಗಳೊಳಗೆ ನೋಂದಣಿ ಮಾಡಿಸಿ, ಷೇರು ಪ್ರಮಾಣಪತ್ರದಲ್ಲಿ ಹೆಸರು ಬದಲಾಯಿಸಿ, ನಾಮನಿರ್ದೇಶನ ಪತ್ರ ಕೊಡಬೇಕು. ಆದರೆ ನಾಮನಿರ್ದೇಶಿತನು ಒಡೆಯನಲ್ಲ, ವಾರಸುದಾರರ ಪರವಾಗಿ ಹಿಡಿದಿಟ್ಟುಕೊಳ್ಳುವವನು ಮಾತ್ರ. ಊರಿನಲ್ಲಿಯೂ ಇಲ್ಲಿಯೂ ಮಕ್ಕಳಿರುವವರು ಉಯಿಲು ಬರೆದಿಡುವುದೇ ಸರಿ. ಸಾಲ ತೀರಿದ ದಿನ ಮೂಲ ದಸ್ತಾವೇಜುಗಳನ್ನು ಕೇಳಲು ಮರೆಯಬಾರದು. 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ಆದೇಶದಂತೆ 30 ದಿನಗಳೊಳಗೆ ಅವು ನಿಮ್ಮ ಕೈಸೇರಬೇಕು. ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಬ್ಯಾಂಕು ಪರಿಹಾರ ಕೊಡಬೇಕಾಗುತ್ತದೆ. ಕೈಸೇರಿದ ಕಡತ ಮನೆಯಲ್ಲಿ ಎಲ್ಲಿದೆಯೆಂಬುದು ಯಜಮಾನನೊಬ್ಬನಿಗೇ ಅಲ್ಲ, ಹೆಂಡತಿ ಮಕ್ಕಳಿಗೂ ತಿಳಿದಿರಲಿ.