ಬಾನುಲಿಯಲ್ಲಿ ಮಾತಿನ ಹೊತ್ತು

ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ|| ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರ ಸೆಪ್ಟೆಂಬರಿನಲ್ಲಿ ತಮ್ಮ ಮನೆಯಲ್ಲಿಯೇ ೩೦ ವಾಟ್ ಶಕ್ತಿಯ ಪ್ರಸಾರಯಂತ್ರವನ್ನಿರಿಸಿ ‘ಆಕಾಶವಾಣಿ’ಯನ್ನು ಆರಂಭಿಸಿದರು. ೧೯೫೫ರಲ್ಲಿ ಆ ನಿಲಯವು ಬೆಂಗಳೂರಿಗೆ ಹೋಯಿತು. ಅದರ ಹೆಸರು ಮುಂದೆ ಸಮಸ್ತ ಭಾರತದ ಬಾನುಲಿಗೇ ಹೆಸರಾಯಿತು. ಕನ್ನಡಿಗರು ಹೆಮ್ಮೆಪಡತಕ್ಕ ಸಂಗತಿಯಿದು. ಆದರೆ ಹೆಮ್ಮೆಯೊಂದೇ ಸಾಲದು.

ಕನ್ನಡ ನಿಲಯಗಳ ಒಂದು ದಿನದ ಮಾತಿನ ಕಾರ್ಯಕ್ರಮಗಳನ್ನು ಗಮನಿಸೋಣ. ಬೆಳಿಗ್ಗೆ ಚಿಂತನ, ಪ್ರದೇಶಸಮಾಚಾರ. ಸ್ತ್ರೀಯರಿಗೂ ಮಕ್ಕಳಿಗೂ ಅವರವರಿಗೆ ಒಪ್ಪುವ ವಿಷಯಗಳು. ರೈತರಿಗೆ ಮಳೆ, ಬೆಳೆ, ಗೊಬ್ಬರ, ಪೇಟೆಧಾರಣೆಗಳ ವಿವರ. ಜೊತೆಗೆ ಭಾಷಣ, ಸಂದರ್ಶನ, ನಾಟಕ. ಓದುಬಲ್ಲವನಿಗೆ ಪತ್ರಿಕೆಯುಂಟು, ಗ್ರಂಥಾಲಯವುಂಟು. ಅಕ್ಷರವರಿಯದವನಿಗೆ ಈ ಮಾತೇ ಪಾಠಶಾಲೆ.

ಹಾಡಿಗೆ ಕೇಳುವವರು ಹೆಚ್ಚು, ಮಾತಿಗೆ ಕಡಿಮೆ ಎಂಬ ವಾದವನ್ನು ನಾವು ಬಲ್ಲೆವು. ಹಾಡು ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಹಾಡು ಇಂದು ಎಲ್ಲೆಲ್ಲಿಯೂ ದೊರೆಯುತ್ತದೆ. ಒಂದು ಸೀಮೆಯ ಬೆಳೆಗೆ ತಗುಲಿದ ರೋಗಕ್ಕೆ ಮದ್ದೇನೆಂಬುದನ್ನು ಆ ಸೀಮೆಯ ಕನ್ನಡದಲ್ಲಿಯೇ ತಿಳಿಯಹೇಳುವವರು ವಿರಳ. ಇಂಥ ಹೊತ್ತನ್ನು ದೂರದ ಊರುಗಳ ಮರುಪ್ರಸಾರಕ್ಕಾಗಲಿ, ಜಾಹೀರಾತಿಗಾಗಲಿ ಬಿಟ್ಟುಕೊಡುವುದು ತರವಲ್ಲ.

‘ಬಹುಜನ ಹಿತಾಯ, ಬಹುಜನ ಸುಖಾಯ’ ಎಂಬುದು ಆಕಾಶವಾಣಿಯ ಧ್ಯೇಯವಾಕ್ಯ. ಅದರಲ್ಲಿ ಹಿತವು ಮೊದಲು, ಸುಖವು ಅನಂತರ. ಈ ಕ್ರಮವನ್ನು ಅಧಿಕಾರಿಗಳು ಮರೆಯಬಾರದೆಂಬುದೇ ನಮ್ಮ ಆಗ್ರಹ.