ಸಮೀಕ್ಷೆಗೆ ದುಡ್ಡು ಯಾಕೆ ಬೇಕು?

ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು. ಗಾದೆ ಗೊತ್ತಲ್ಲ? ಆದ್ರೆ ಊರಿನ ಕಾಯಿಲೆ-ಕಸಾಲೆ ನೋಡೋಕೆ ಬರೀ ಕಣ್ಣು ಸಾಲಲ್ಲ.

2002ರಲ್ಲಿ ಐಐಎಂ ಬೆಂಗಳೂರಿನ ಗೀತಾ ಸೇನ್, ಅದಿತಿ ಅಯ್ಯರ್ ಅವರ ತಂಡ ಕೊಪ್ಪಳ ಜಿಲ್ಲೆಯ 60 ಹಳ್ಳಿಗಳಲ್ಲಿ ಮನೆ ಮನೆ ಸಮೀಕ್ಷೆ ಮಾಡಿತು. ಆರಾಮಿಲ್ಲದಾಗ ಯಾರು ದವಾಖಾನೆಗೆ ಹೋದ್ರು, ಯಾರು ಹೋಗಲಿಲ್ಲ? ಬಡತನ ಒಂದೇ ಕಾರಣ ಅಲ್ಲ ಅಂತ ಗೊತ್ತಾಯ್ತು. ಅದೇ ಬಡ ಮನೆಯಲ್ಲಿ ಗಂಡಸಿನ ಔಷಧಿಗೆ ಹೇಗೋ ದುಡ್ಡು ಹುಟ್ಟುತ್ತಿತ್ತು. ಹೆಂಗಸಿನ ಸರದಿ ಆಮೇಲೆ.

ಈಗ ಇಂಥದ್ದೇ ಕೆಲಸ ಮಾಡೋ ಸೇವಾಸಂಸ್ಥೆಯೊಂದು ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಬಜೆಟ್ ಬರೀತಿದೆ ಅನ್ಕೊಳ್ಳಿ. ದೊಡ್ಡ ಖರ್ಚು ಕಂಪ್ಯೂಟರ್‌ದಲ್ಲ, ಸಮೀಕ್ಷೆಗೆ ಹೋಗೋ ಜನರದ್ದು. ಹೊಲಕ್ಕೆ ಹೋದವರು ಬರೋವರೆಗೂ ಕಟ್ಟೆ ಮೇಲೆ ಕೂರಬೇಕು. ಬಾಗಿಲಿಗೆ ಬೀಗ ಇದ್ರೆ ನಾಳೆ ಮತ್ತೆ ಬಸ್ ಚಾರ್ಜು. ಜನ ಗುಳೆ ಹೋದ ತಿಂಗಳಲ್ಲಿ ಹೋದ್ರೆ ಅರ್ಧ ಫಾರ್ಮ್ ಖಾಲಿ! ಅದಕ್ಕೇ ವರ್ಷದ ಯೋಜನೆ ಹಾಕೋಕೆ ಮೊದಲು ಬಿತ್ತನೆ, ಸುಗ್ಗಿಯ ಲೆಕ್ಕ ಬೇಕು.

ದಾನಿಗಳಿಗೆ ಇದನ್ನ ಒಪ್ಪಿಸೋದೇ ಕಷ್ಟ. ಬೋರ್‌ವೆಲ್ ಹಾಕಿಸಿದ್ರೆ ಕಲ್ಲಿನ ಮೇಲೆ ಹೆಸರು ಬರುತ್ತೆ. ಎರಡನೇ ಸಲದ ಬಸ್ ಟಿಕೆಟ್ ಮೇಲೆ ಯಾರ ಹೆಸರು ಬರೆಸ್ತೀರಿ?

ವಿದೇಶಿ ದೇಣಿಗೆಗೆ ಇನ್ನೊಂದು ಕಟ್ಟು. ಅದಕ್ಕೆ ನಿಯಮ ಹಾಕೋ ಎಫ್‌ಸಿಆರ್‌ಎ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಆಯ್ತು; ಆಡಳಿತ ವೆಚ್ಚದ ಮಿತಿ ಶೇ. 50ರಿಂದ 20ಕ್ಕೆ ಇಳೀತು. ಆಫೀಸಿನ ಬಾಡಿಗೆ, ಅಕೌಂಟೆಂಟ್ ಸಂಬಳ ಎಲ್ಲಾ ಇದರೊಳಗೇ. ಒಂದು ಸಮಾಧಾನ, ಸಂಶೋಧನೆಯೇ ಮುಖ್ಯ ಕೆಲಸವಾದ ಸಂಸ್ಥೆಯಲ್ಲಿ ಹಳ್ಳಿಗೆ ಹೋಗಿ ಮಾಹಿತಿ ತರೋರ ಸಂಬಳ ಈ ಲೆಕ್ಕಕ್ಕೆ ಬರಲ್ಲ.