ನಡುಬಿಂದು ತಪ್ಪಿದ ಜಾಯ್‌ಸ್ಟಿಕ್

2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಬಾರಿಗೆ ಹಾರಿದ ತೇಜಸ್ ಯುದ್ಧವಿಮಾನದಲ್ಲಿ ನಿಯಂತ್ರಣದಂಡವನ್ನು ರೆಕ್ಕೆಗಳಿಗೆ ಜೋಡಿಸುವ ಸರಳುಗಳಿಲ್ಲ. ದಂಡದ ಚಲನೆಯು ವಿದ್ಯುತ್ಸಂಕೇತವಾಗಿ ಗಣಕವನ್ನು ಸೇರುತ್ತದೆ. ಅದರ ಆಜ್ಞೆಯಂತೆ ರೆಕ್ಕೆಯಂಚಿನ ಫಲಕಗಳು ತಿರುಗುತ್ತವೆ. ನೆಲದ ಮೇಲಿನ ಸಿಮ್ಯುಲೇಟರಿನ ಜಾಯ್‌ಸ್ಟಿಕ್ಕಿನಲ್ಲಿಯೂ ನಾವು ಕಾಣುವುದು ಇಂತಹ ಸಂಕೇತವನ್ನೇ.

ಹಲವು ಜಾಯ್‌ಸ್ಟಿಕ್ಕುಗಳೊಳಗೆ ಲೋಹದ ಮುಳ್ಳೊಂದು ರೋಧಕದ ಪಟ್ಟಿಯನ್ನು ಉಜ್ಜುತ್ತ ಸರಿಯುತ್ತದೆ. ಪಟ್ಟಿ ಸವೆದು ಧೂಳು ಕೂಡಿತೆಂದರೆ, ಕೈ ನಿಶ್ಚಲವಾಗಿದ್ದರೂ ವಿಮಾನವು ವಾಲತೊಡಗುತ್ತದೆ. 1879ರಲ್ಲಿ ಎಡ್ವಿನ್ ಹಾಲ್ ಕಂಡುಹಿಡಿದ ಪರಿಣಾಮವನ್ನು ಬಳಸುವ ದಂಡಗಳಲ್ಲಿ ಅಯಸ್ಕಾಂತವು ಸ್ಪರ್ಶವಿಲ್ಲದೆ ಸ್ಥಾನವನ್ನು ಸೂಚಿಸುವುದರಿಂದ ಈ ಸವೆತವಿಲ್ಲ.

ದಂಡವನ್ನು ಅಣಿಗೊಳಿಸುವಾಗ ಮೊದಲು ಅದನ್ನು ಬಿಟ್ಟು ನಡುಬಿಂದುವನ್ನೂ, ಬಳಿಕ ನಾಲ್ಕೂ ಕಡೆ ಪೂರ್ತಿ ಬಾಗಿಸಿ ಎಲ್ಲೆಗಳನ್ನೂ ಗಣಕಕ್ಕೆ ತಿಳಿಸೋಣ. ನಡುವಿನ ನಿಷ್ಕ್ರಿಯ ವಲಯವು ಕಿರಿದಾಗಿಯೇ ಇರಲಿ. ಹಿಗ್ಗಿಸಿದರೆ ದೋಷದೊಡನೆ ಸೂಕ್ಷ್ಮ ಚಲನೆಯೂ ಮರೆಯಾಗುತ್ತದೆ. ತಪ್ಪು ದಂಡದಲ್ಲಿ ಪಳಗಿದ ಕೈ ತಪ್ಪನ್ನೇ ಕಲಿಯುವುದಷ್ಟೆ!